ಪ್ರಸಂಗ ಮೂರು, ಗುಂಪು ಒಂಬತ್ತು, ಮೌನ ಎರಡೇ ನಿಮಿಷ

ಪ್ರಶ್ನೆ: ನನಗೆ 38 ವರ್ಷ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಬೆಳಿಗ್ಗೆ ಏಳುತ್ತಲೇ ಬೈಬಲ್ ಓದಲೆಂದು ಮೊಬೈಲ್ ಕೈಗೆತ್ತಿಕೊಳ್ಳುತ್ತೇನೆ. ಒಂದು ವಚನ ಓದುವಷ್ಟರಲ್ಲಿ ಯಾವುದೋ ಸಂದೇಶ ಬಂದು ವಚನದ ಮೇಲೆಯೇ ಕೂರುತ್ತದೆ. ಮುಕ್ಕಾಲು ಗಂಟೆಯ ನಂತರ ನೋಡಿದರೆ ಎಲ್ಲಿಯದೋ ಯುದ್ಧದ ಸುದ್ದಿಯಲ್ಲೋ ಯಾರದೋ ಜಗಳದಲ್ಲೋ ಮುಳುಗಿರುತ್ತೇನೆ. ಹಾಗೆಂದು ಕೆಟ್ಟದ್ದನ್ನೇ ನೋಡುವವಳಲ್ಲ. ದಿನಕ್ಕೆ ಮೂರು ಪ್ರಸಂಗ ಕೇಳುತ್ತೇನೆ, ಒಂಬತ್ತು ಪ್ರಾರ್ಥನಾ ಗುಂಪುಗಳಲ್ಲಿದ್ದೇನೆ. ಆದರೆ ಕಣ್ಣು ಮುಚ್ಚಿ ಕುಳಿತರೆ ಮನಸ್ಸು ಎರಡು ನಿಮಿಷವೂ ನಿಲ್ಲುವುದಿಲ್ಲ. ಕಳೆದ ತಿಂಗಳು ನಮ್ಮ ಸಭೆಯ ಹಿರಿಯ ಮಹಿಳೆಯೊಬ್ಬರ ಶಸ್ತ್ರಚಿಕಿತ್ಸೆಗಾಗಿ ಪ್ರಾರ್ಥಿಸಿ ಎಂದು ಸಂದೇಶ ಬಂದಿತ್ತು. ಕೈಮುಗಿದ ಚಿಹ್ನೆ ಹಾಕಿದೆ. ಆಮೇಲೆ ಅವರೇ ಎದುರು ಸಿಕ್ಕಿ, ‘ನಿನ್ನ ಪ್ರಾರ್ಥನೆಯೂ ನನ್ನನ್ನು ಎಬ್ಬಿಸಿ ನಿಲ್ಲಿಸಿತು ಮಗಳೇ’ ಎಂದಾಗ ಯಾವ ಪ್ರಾರ್ಥನೆ ಎಂಬುದೇ ನೆನಪಾಗಲಿಲ್ಲ. ಗುಂಪುಗಳಿಂದ ಹೊರಗೆ ಬರೋಣವೆಂದರೆ ಕಷ್ಟದಲ್ಲಿರುವವರಿಗೆ ಬೆನ್ನು ತೋರಿಸಿದಂತೆ ಅನ್ನಿಸುತ್ತದೆ. ನನ್ನ ನಂಬಿಕೆ ಸತ್ತುಹೋಗುತ್ತಿದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕಣ್ಣಿಗೆ ಬಿದ್ದದ್ದು ನೀವೇ ಕೊಟ್ಟ ಲೆಕ್ಕ: ಪ್ರಸಂಗ ಮೂರು, ಗುಂಪು ಒಂಬತ್ತು, ಮೌನ ಎರಡು ನಿಮಿಷ. ನಂಬಿಕೆ ಸಾಯುತ್ತಿರುವವರ ಲೆಕ್ಕ ಹೀಗಿರುವುದಿಲ್ಲ. ನಿಮಗಾಗಿರುವುದು ಅಜೀರ್ಣ. ದೇವರ ವಿಷಯವಾಗಿ ಬೇರೆಯವರು ಆಡಿದ ಮಾತು ಕಿವಿಯ ತನಕ ತುಂಬಿಕೊಂಡಿದೆ. ಪ್ರಸಂಗ ಕೇಳುವುದು ಒಳ್ಳೆಯದೇ. ಆದರೆ ಮೂರನೆಯದು ಬಂದು ಮೊದಲನೆಯದನ್ನು ಅಳಿಸಿಹಾಕುತ್ತದೆ. ನಿನ್ನೆ ಕೇಳಿದ ಮೂರರಲ್ಲಿ ಮೊದಲನೆಯದು ಯಾವ ವಾಕ್ಯದ ಮೇಲಿತ್ತು, ಥಟ್ಟನೆ ಹೇಳಬಲ್ಲಿರಾ?

ಮುಕ್ಕಾಲು ಗಂಟೆ ಕಳೆದುಹೋದದ್ದಕ್ಕೆ ನಿಮ್ಮನ್ನೇ ಹಳಿದುಕೊಳ್ಳುವುದನ್ನು ಸ್ವಲ್ಪ ಕಡಿಮೆ ಮಾಡಿ. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿಯೇ ಎಚ್ಚರಿಸಿದ್ದರು, ಯಾರ ಜೇಬಿನಲ್ಲೂ ಫೋನ್ ಇಲ್ಲದ ಕಾಲದಲ್ಲಿ. 2006ರಲ್ಲಿ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ಪುಟಕ್ಕೆ ಕೊನೆಯೇ ಇರದಂತೆ ಮಾಡುವ ವಿಧಾನವೊಂದನ್ನು ರೂಪಿಸಿದರು. ಬೆರಳು ಸರಿಸಿದಷ್ಟೂ ಕೆಳಗಿನಿಂದ ಹೊಸದು ಏರಿ ಬರುತ್ತಲೇ ಇರುತ್ತದೆ. ಮುಂದೆ ಅವರೇ ಅದಕ್ಕಾಗಿ ಪರಿತಪಿಸಿದರು. ಅಚ್ಚಾದ ಪುಸ್ತಕದಲ್ಲಿ ಅಧ್ಯಾಯ ಮುಗಿದಲ್ಲಿ ಒಂದಿಷ್ಟು ಬಿಳಿ ಜಾಗ ಉಳಿದಿರುತ್ತದೆ. ಕಣ್ಣು ಅಲ್ಲಿ ತಾನಾಗಿಯೇ ಮೇಲೇಳುತ್ತದೆ. ನಿಮ್ಮ ಕೈಯಲ್ಲಿರುವ ತೆರೆಗೆ ಆ ಬಿಳಿ ಜಾಗವೇ ಇಲ್ಲ.

ಆದ್ದರಿಂದ ಮನೆಯಲ್ಲಿರುವ ಕಾಗದದ ಬೈಬಲನ್ನು ಹೊರತೆಗೆಯಿರಿ. ಅದರ ತೆಳು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಬಿಡಿಸಿದರೆ ಚರಚರ ಎನ್ನಬಹುದು. ಎನ್ನಲಿ. ಮೊಬೈಲ್ ರಾತ್ರಿಯಿಂದಲೇ ಬೇರೆ ಕೋಣೆಯಲ್ಲಿರಲಿ. ದಿಂಬಿನ ಪಕ್ಕದಲ್ಲಿ ಮಗುಚಿಟ್ಟರೆ ಸಾಲದು. ಏಳುವುದಕ್ಕೆ ಅಲಾರಾಂ ಬೇಕೆಂದರೆ ಒಂದು ಗಡಿಯಾರ ಇಟ್ಟುಕೊಳ್ಳಿ. (ಈ ಉತ್ತರ ಬರೆಯುವಾಗ ನನ್ನ ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದೆ. ಎರಡು ಬಾರಿ ಎದ್ದುಹೋಗಿ ನೋಡಿ ಬಂದೆ. ಏನೂ ಬಂದಿರಲಿಲ್ಲ.)

ಓದುವುದನ್ನೂ ಕಡಿಮೆ ಮಾಡಿ. ಹೌದು, ಬೈಬಲನ್ನೇ. 12ನೆಯ ಶತಮಾನದಲ್ಲಿ ಗೀಗೊ ಎಂಬ, ಕಾರ್ಥೂಸಿಯನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿ ದೇವರ ವಾಕ್ಯವನ್ನು ಓದುವ ಬಗೆಯನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ಎಂದರೆ ತುತ್ತನ್ನು ಬಾಯಿಗಿಡುವುದು, ಮನನ ಎಂದರೆ ಅದನ್ನು ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಹತ್ತುತ್ತದೆ, ಧ್ಯಾನವೇ ಆ ಸವಿ ಎಂಬುದು ಅವರ ಹೋಲಿಕೆ. ನೀವು ತುತ್ತಿನ ಮೇಲೆ ತುತ್ತು ಇಡುತ್ತಿದ್ದೀರಿ, ಅಗಿಯಲು ಬಿಡುವಿಲ್ಲ. ಕೀರ್ತನೆಯ ನಾಲ್ಕೈದು ಸಾಲು ಸಾಕು. ನಿಮಗೆ ಕೇಳಿಸುವಷ್ಟು ಜೋರಾಗಿ ಮೂರು ಸಲ ಓದಿ. ಎಲ್ಲಿಯಾದರೂ ಒಂದು ಪದ ತಡೆದು ನಿಲ್ಲಿಸಿದರೆ ಅಲ್ಲೇ ನಿಂತುಬಿಡಿ, ಮುಂದಿನ ಸಾಲು ನಾಳೆಗಿರಲಿ. ಆ ಒಂದು ಪದವನ್ನು ದಿನವಿಡೀ ಮೆಲುಕು ಹಾಕುತ್ತಿರಿ. ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಯೋಜನೆ, ಎಷ್ಟು ದಿನ ತಪ್ಪದೆ ಓದಿದಿರಿ ಎಂದು ಎಣಿಸಿ ಹೇಳುವ ಆ್ಯಪ್‌ ಇವುಗಳ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ. ದಿನ ತಪ್ಪಿದಾಗ ದೇವರಿಗಿಂತ ಅಂಕಿಯ ಚಿಂತೆಯೇ ಹೆಚ್ಚಾಗುತ್ತದೆ.

ಇಷ್ಟು ಮಾಡಿದ ಮೊದಲ ದಿನವೇ ಶಾಂತಿ ಸಿಗುತ್ತದೆ ಎಂದುಕೊಳ್ಳಬೇಡಿ. ಸಿಗುವುದು ಬೇಸರ. ಮಾಡದೆ ಉಳಿದ ಕೆಲಸಗಳು, ಹಳೆಯ ಮನಸ್ತಾಪಗಳು ಸಾಲಾಗಿ ಬಂದು ನಿಲ್ಲುತ್ತವೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ತಪಸ್ವಿ ಈ ಬೇಸರವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾರೆ. ಗುಡಿಸಲಿನಲ್ಲಿ ಕುಳಿತ ಸನ್ಯಾಸಿಗೆ ನಡುಹಗಲಿನಲ್ಲಿ ಸೂರ್ಯ ಚಲಿಸುತ್ತಲೇ ಇಲ್ಲ ಅನ್ನಿಸುತ್ತದೆ, ಒಂದು ಹಗಲು 50 ಗಂಟೆಯಷ್ಟು ಉದ್ದವಾಗುತ್ತದೆ. ಕಣ್ಣು ಮತ್ತೆಮತ್ತೆ ಕಿಟಕಿಯ ಕಡೆ ಹೋಗುತ್ತದೆ, ಕಾಲು ಹೊರಗೆಳೆಯುತ್ತದೆ, ಹೊತ್ತು ಎಷ್ಟಾಯಿತು ಎಂದು ಇಣುಕಿ ನೋಡುತ್ತಾನೆ. ಸುದ್ದಿಯೂ ಇಲ್ಲ, ಮೊಬೈಲೂ ಇಲ್ಲ, ಸುತ್ತ ಬರೀ ಮರಳು. ಆದರೂ ಅವನಿಗೆ ನಿಮ್ಮ ಕಾಯಿಲೆಯೇ. ಇಂಥವರಿಗೆ ಆ ಹಿರಿಯರು ಕೊಡುತ್ತಿದ್ದ ಮದ್ದು ಒಂದೇ: ಏಳಬೇಡ. ನೀವೂ ಹತ್ತು ನಿಮಿಷಕ್ಕೆ ಗಡಿಯಾರ ಇಟ್ಟು, ಅದು ಬಡಿಯುವ ತನಕ ಕುಳಿತಿರಿ. ಮನಸ್ಸು ಓಡಿದರೆ ಆ ದಿನದ ಪದವನ್ನು ಹಿಡಿದು ಹಿಂದಕ್ಕೆ ಬನ್ನಿ. ಹತ್ತು ನಿಮಿಷದಲ್ಲಿ ನಲವತ್ತು ಸಲ ಓಡಿತೇ? ನಲವತ್ತು ಸಲ ಹಿಂದಿರುಗಿದ್ದೀರಿ. ಪ್ರಾರ್ಥನೆ ಎಂದರೆ ಬೇರೇನೋ ಇದೆ ಎಂದು ನನಗಂತೂ ಅನ್ನಿಸಿಲ್ಲ.

ದಣಿವೂ ಇದರಲ್ಲಿ ಸೇರಿಕೊಂಡಿರಬಹುದು. ಪ್ರವಾದಿ ಎಲೀಯನಿಗೆ ದೇವರ ಮೆಲುದನಿ ಕೇಳಿಸಿದ ಕಥೆ ನಿಮಗೆ ಬಾಯಿಪಾಠವಿರುತ್ತದೆ. ದೇವರು ಗಾಳಿಯಲ್ಲಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲಿರಲಿಲ್ಲ. ಅದಕ್ಕೂ ಮೊದಲಿನ ವಚನಗಳನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಸಾಕು ಕರ್ತನೇ ಎಂದು ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟು, ಎಬ್ಬಿಸಿ ಉಣ್ಣಿಸಿದ, ಮತ್ತೆ ಮಲಗಿದಾಗಲೂ ಎಬ್ಬಿಸಿ ಉಣ್ಣಿಸಿದ. ನಿಮಗೆ ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲವಾದರೆ ವೈದ್ಯರನ್ನು ಕಾಣಿ. ಅದು ನಂಬಿಕೆಯ ಕೊರತೆಯಲ್ಲ.

ಇನ್ನು ಗುಂಪುಗಳು. ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಇದೇ ಇರಬೇಕು, ಉಳಿದದ್ದನ್ನೆಲ್ಲ ಹೇಳಿ ಕೊನೆಯಲ್ಲಿ ಬರೆದಿದ್ದೀರಿ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆರೆಯಿರಿ. ಹಿಂದಿನ ಸಂಜೆ ಕಪೆರ್ನೌಮ್ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ಯೇಸು ಅನೇಕರನ್ನು ಗುಣಪಡಿಸಿದ್ದ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದ. ಸೀಮೋನನೂ ಅವನ ಜೊತೆಗಿದ್ದವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದರು. ಯೇಸು ಹಿಂದಿರುಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು ಎಂದ. ಆ ಬಾಗಿಲ ಬಳಿ ಅಂದು ಬೆಳಿಗ್ಗೆಯೂ ರೋಗಿಗಳು ಇದ್ದೇ ಇದ್ದಿರಬೇಕು. ಈ ಭಾಗ ಓದುವಾಗಲೆಲ್ಲ ನನಗೆ ಒಂದಿಷ್ಟು ಕಸಿವಿಸಿಯಾಗುತ್ತದೆ, ಒಂದಿಷ್ಟು ಹಗುರವೂ ಆಗುತ್ತದೆ. ಹುಡುಕಿಕೊಂಡು ಬಂದ ಪ್ರತಿಯೊಂದು ಕರೆಗೂ ಅವನೇ ಓಗೊಡಲಿಲ್ಲ ಎಂದ ಮೇಲೆ ಒಂಬತ್ತು ಗುಂಪುಗಳ ಭಾರ ನಿಮ್ಮ ಹೆಗಲಿಗೇಕೆ? ನಾನೊಬ್ಬನೇ ಉಳಿದಿದ್ದೇನೆ ಎಂದು ಗೋಳಾಡಿದ ಎಲೀಯನಿಗೂ, ಇನ್ನೂ 7,000 ಮಂದಿ ಇದ್ದಾರೆ ಎಂಬ ಉತ್ತರವೇ ಸಿಕ್ಕಿದ್ದು.

ಮುಖ ನೋಡಿ ಬಲ್ಲವರಿರುವ ಒಂದೋ ಎರಡೋ ಗುಂಪು ಉಳಿಸಿಕೊಳ್ಳಿ. ಮಿಕ್ಕವುಗಳಿಂದ ಸದ್ದಿಲ್ಲದೆ ಹೊರಬನ್ನಿ, ವಿವರಣೆ ಬೇಕಾಗಿಲ್ಲ. ಕೈಮುಗಿದ ಚಿಹ್ನೆ ಹಾಕುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಹಾಕಿದ ಕೂಡಲೇ ಪ್ರಾರ್ಥಿಸಿಯೇ ಆಯಿತು ಎಂಬ ಸಮಾಧಾನವನ್ನು ಅದು ತುಂಬ ಅಗ್ಗವಾಗಿ ಕೊಟ್ಟುಬಿಡುತ್ತದೆ. ಬದಲಿಗೆ ದಿನಕ್ಕೆ ಒಂದು ಹೆಸರನ್ನು ಚೀಟಿಯಲ್ಲಿ ಬರೆದು, ಆ ಹತ್ತು ನಿಮಿಷದ ಕೊನೆಗೆ ಅದನ್ನು ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಅದೇ ವಾರ ಅವರನ್ನು ಮಾತನಾಡಿಸಿ.

ಮೊದಲ ಚೀಟಿಯಲ್ಲಿ ಆ ಹಿರಿಯ ಮಹಿಳೆಯ ಹೆಸರಿರಲಿ. ನಂತರ ಅವರ ಮನೆಗೆ ಹೋಗಿ, ಅಂದು ಪ್ರಾರ್ಥಿಸಿರಲಿಲ್ಲ ಎಂದು ಹೇಳಿ. ನಕ್ಕರೂ ನಗಬಹುದು, ನೊಂದುಕೊಂಡರೂ ನೊಂದುಕೊಳ್ಳಬಹುದು. ಗಾಯ ಹೇಗಿದೆ, ರಾತ್ರಿ ನೋವು ಬರುತ್ತದೆಯೇ ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕುಳಿತಿರಿ. ಮೊಬೈಲ್ ಮನೆಯಲ್ಲೇ ಇರಲಿ.