ಆರು ಅಡಿಯ ಹವಳದ ತೊಟ್ಟಿ ಕಟ್ಟಿಸುವ ಮುನ್ನ ಕರೆಂಟ್ ಹೋದ ಗಳಿಗೆಯ ಲೆಕ್ಕ ಹಾಕಿ

ಮಂಡ್ಯದ ಹೊಸ ಮನೆಯ ಮೊದಲ ಮಹಡಿಯಲ್ಲಿ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಹವಳದ ಅಕ್ವೇರಿಯಂ ಮಾಡಿಸಬೇಕೆಂದು ಬರೆದಿದ್ದೀರಿ. ಯಾವ ಎಲ್‌ಇಡಿ ದೀಪ, ಎಷ್ಟು ದಪ್ಪದ ಗಾಜು ಎಂದು ಕೇಳಿದ್ದೀರಿ. ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತು ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಇದೇ ಅಳತೆಯ ತೊಟ್ಟಿ ಕೂರಿಸುವಾಗ ನನ್ನ ಪಟ್ಟಿಯಲ್ಲೂ ಅದು ಇರಲಿಲ್ಲ. ದೀಪ, ಗಾಜು ಆಮೇಲೆ. ಮೊದಲು ಇದನ್ನು ಓದಿ.

ನಮ್ಮದು ಎಲ್ಲರೂ ಮಾಡುವ ಏರ್ಪಾಡೇ. ಮೇಲೆ ದೊಡ್ಡ ತೊಟ್ಟಿ, ಕೆಳಗೆ ಕ್ಯಾಬಿನೆಟ್ ಒಳಗೆ ಮೂರಡಿಯ ಸಂಪ್, ಅಂದರೆ ನೀರು ಶುದ್ಧವಾಗುವ ಚಿಕ್ಕ ತೊಟ್ಟಿ. ಮೇಲಿನ ನೀರು ಓವರ್‌ಫ್ಲೋ ಮೂಲಕ ಸಂಪ್‌ಗೆ ಇಳಿಯುತ್ತದೆ, ಅಲ್ಲಿ ಸ್ಕಿಮ್ಮರ್ ಕೊಳೆ ತೆಗೆಯುತ್ತದೆ, ಪಂಪ್ ಮತ್ತೆ ಮೇಲಕ್ಕೆ ತಳ್ಳುತ್ತದೆ. ಮೇಲಕ್ಕೆ ಬರುವ ಪೈಪಿನ ಬಾಯನ್ನು ನೀರಿನ ಮಟ್ಟದಿಂದ ಸುಮಾರು 18 ಸೆಂಟಿಮೀಟರ್ ಕೆಳಗೆ ಇಡಿಸಿದ್ದೆ. ಬಂಡೆಗಳ ಬುಡದಲ್ಲಿ ನೀರು ಚೆನ್ನಾಗಿ ಆಡಲಿ, ಕಸ ಕೂರದಿರಲಿ ಎಂಬುದು ಉದ್ದೇಶ. ಪಂಪ್ ನಿಂತರೆ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆಂದು ಗೊತ್ತಿತ್ತು. ಅದಕ್ಕೆ ಪ್ಲಂಬರ್ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಕೊಟ್ಟ. ಬೋರ್‌ವೆಲ್ ಪೈಪಿಗೆ ಹಾಕುವುದೇ ಅದು, ನಿಮ್ಮ ಕಡೆ ರೈತರಿಗೆಲ್ಲ ಪರಿಚಯದ ಸಾಮಾನು. ಪಂಪ್ ಆರಿಸಿ ನೋಡಿದೆವು; ಟಕ್ಕೆಂದು ಮುಚ್ಚಿಕೊಂಡಿತು, ನೀರು ನಿಂತಿತು. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಬಿಟ್ಟುಬಿಟ್ಟೆ. ನನಗೆ ದುಬಾರಿಯಾದದ್ದು ಆ ಬಿಟ್ಟುಬಿಟ್ಟದ್ದೇ.

ಬೋರ್‌ವೆಲ್ ನೀರಿನಲ್ಲಿ ಜೀವ ಇಲ್ಲ, ಹವಳದ ತೊಟ್ಟಿಯ ನೀರಿನಲ್ಲಿ ಇದೆ. ಸುಣ್ಣದ ಕೊಳವೆ ಕಟ್ಟಿಕೊಂಡು ಬದುಕುವ ಸಣ್ಣ ಹುಳುಗಳು, ಕಲ್ಲಿನ ಮೇಲೆ ನೇರಳೆ ಪದರವಾಗಿ ಬೆಳೆಯುವ ಪಾಚಿ, ಕಡುಗೆಂಪು ಸ್ಪಂಜು, ಇವೆಲ್ಲ ಪೈಪಿನ ಒಳಗೂ ಬೆಳೆಯುತ್ತವೆ. ಕತ್ತಲಿದ್ದು ನೀರು ಹರಿಯುವ ಜಾಗವೆಂದರೆ ಹುಳುವಿಗೂ ಸ್ಪಂಜಿಗೂ ಬಲು ಇಷ್ಟ. ಆಮೇಲೆ ವಾಲ್ವ್ ಬಿಚ್ಚಿ ನೋಡಿದಾಗ ಅದರ ಮುಚ್ಚಳದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದಪ್ಪದ, ಸುರುಳಿ ಸುತ್ತಿದ ಬಿಳಿ ಕೊಳವೆ ಅಂಟಿಕೊಂಡಿತ್ತು. ಮುಚ್ಚಳ ಕೂರದಿರಲು ಅಷ್ಟು ಸಾಕು. ಮೊದಲ ವರ್ಷ ಚೆನ್ನಾಗಿಯೇ ಕೆಲಸ ಮಾಡಿದ ವಾಲ್ವ್ ಅದು.

ಭರಣಿ ಮಳೆಯ ದಿನಗಳು. ಮದ್ದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ರಾತ್ರಿ ಹಿಂತಿರುಗಿದೆವು. ಸಂಜೆ ಗುಡುಗು ಮಳೆಗೆ ಬಡಾವಣೆಯ ಕರೆಂಟ್ ಹೋಗಿ, ನಾವು ಬರುವಷ್ಟರಲ್ಲಿ ಮತ್ತೆ ಬಂದಿತ್ತು. ಬಾಗಿಲು ತೆಗೆದರೆ ಹಾಲ್‌ನ ರೆಡ್ ಆಕ್ಸೈಡ್ ನೆಲದ ತುಂಬ ನೀರು. ಕಿಟಕಿಯಿಂದ ಇರಚಲು ಹೊಡೆದಿದೆ ಎಂದುಕೊಂಡು ಅಮ್ಮ ಬಟ್ಟೆ ತಂದು ಒರೆಸತೊಡಗಿದರು. ಗೋಡೆಯ ಅಂಚಿನಲ್ಲಿ ಒಣಗಿದ್ದ ಕಡೆ ಬಿಳಿ ಗೆರೆಗಳು ಮೂಡಿದ್ದವು. ಬೆರಳಿಗೆ ಸವರಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ತೊಟ್ಟಿಯ ಕಡೆ ನೋಡಿದರೆ ನೀರು ಅಂಚಿನವರೆಗೆ ಇದೆ, ಪಂಪ್ ಓಡುತ್ತಿದೆ, ಮೀನುಗಳು ಈಜುತ್ತಿವೆ. ಸ್ವಲ್ಪ ಚೆಲ್ಲಿರಬಹುದು ಎಂದುಕೊಂಡು ನೆಲ ಒರೆಸಿ ಮಲಗಿದೆವು. ಕೆಟ್ಟದ್ದು ನಡೆದು ಮುಗಿದ ಮೇಲೆ ತೊಟ್ಟಿ ನೋಡಲು ಸರಿಯಾಗಿಯೇ ಕಾಣುತ್ತದೆ. ಯಾಕೆಂದು ಬಿಡಿಸಿ ಹೇಳುತ್ತೇನೆ, ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಆರಡಿಗೆ ಎರಡಡಿ ಎಂದರೆ 183ಕ್ಕೆ 61 ಸೆಂಟಿಮೀಟರ್. ನೀರಿನ ಮಟ್ಟ ಒಂದೇ ಒಂದು ಸೆಂಟಿಮೀಟರ್ ಇಳಿದರೂ 11 ಲೀಟರ್ ಕೆಳಗೆ ಬರುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೆ ಸೈಫನ್, ಅಂದರೆ ನೀರು ತಾನಾಗಿ ಹಿಂದಕ್ಕೆ ಹರಿಯುವುದು, ನಿಲ್ಲುವುದಿಲ್ಲ. 18 ಸೆಂಟಿಮೀಟರ್ ಇಳಿಯಲು ಸುಮಾರು 200 ಲೀಟರ್. ನನ್ನ ಸಂಪ್ ಹಿಡಿಯುವುದೇ 190 ಲೀಟರ್; ಅದರಲ್ಲಿ 140 ಲೀಟರ್ ಸದಾ ಇರುತ್ತದೆ. ಖಾಲಿ ಜಾಗ 50. ಉಳಿದ 150 ಲೀಟರ್ ಉಪ್ಪುನೀರು ನೆಲಕ್ಕೆ ಬಂತು.

ಇಷ್ಟೇ ಆಗಿದ್ದರೆ ನೆಲ ಒರೆಸಿದರೆ ಮುಗಿಯುತ್ತಿತ್ತು. ಆದರೆ ತೊಟ್ಟಿಯಿಂದ ದಿನವೂ ಆವಿಯಾಗುವುದು ಬರಿಯ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರು ತುಂಬಿಸಬೇಕು. ಅದಕ್ಕೆ ಪಕ್ಕದಲ್ಲಿ 200 ಲೀಟರಿನ ಡ್ರಮ್‌ನಲ್ಲಿ ಆರ್‌ಒ ನೀರು ತುಂಬಿಟ್ಟು, ಸಂಪ್‌ನ ಒಳಗೆ ಫ್ಲೋಟ್ ವಾಲ್ವ್ ಹಾಕಿದ್ದೆ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕುವಂಥದ್ದೇ. ಕರೆಂಟ್ ಬಂತು, ಪಂಪ್ ಸಂಪ್‌ನ ನೀರನ್ನೆಲ್ಲ ಮೇಲೆ ತಳ್ಳಿತು, ಒಟ್ಟು ನೀರಿನಲ್ಲಿ 150 ಲೀಟರ್ ಕಡಿಮೆ ಬಿತ್ತು, ಫ್ಲೋಟ್ ಇಳಿಯಿತು, ಡ್ರಮ್‌ನಿಂದ 150 ಲೀಟರ್ ಸಿಹಿನೀರು ಹರಿದು ಬಂದು ಮಟ್ಟ ಸರಿಹೋಯಿತು. ಎಲ್ಲ ಸಾಮಾನೂ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಒಟ್ಟು 740 ಲೀಟರ್ ನೀರಿನಲ್ಲಿ ಲವಣಾಂಶ ಸಾವಿರಕ್ಕೆ 35 ಇದ್ದದ್ದು ಒಂದೇ ರಾತ್ರಿಯಲ್ಲಿ 28ಕ್ಕೆ ಬಿತ್ತು. ರಿಫ್ರ್ಯಾಕ್ಟೋಮೀಟರ್ ಕಣ್ಣಿಗಿಟ್ಟು ನೋಡಿದ್ದು ಮರುದಿನ ಬೆಳಿಗ್ಗೆ.

ಮೀನಿನ ಕಿವಿರು, ಮೂತ್ರಪಿಂಡಗಳು ದೇಹದ ಉಪ್ಪನ್ನು ಒಂದು ಹದದಲ್ಲಿ ಕಾಯುತ್ತವೆ, ಆದ್ದರಿಂದ ಮೀನುಗಳು ತಡೆದುಕೊಂಡವು. ಬಸವನಹುಳು, ಸೀ ಅರ್ಚಿನ್, ಹವಳ ಇವುಗಳಿಗೆ ಆ ಶಕ್ತಿ ಇಲ್ಲ. ಹೊರಗಿನ ನೀರಿನ ಉಪ್ಪು ಎಷ್ಟೋ ಮೈಯೊಳಗೂ ಅಷ್ಟೇ. ಹೊರಗೆ ತಟ್ಟನೆ ಕಡಿಮೆಯಾದರೆ ಜೀವಕೋಶಗಳಿಗೆ ನೀರು ನುಗ್ಗುತ್ತದೆ. ಮರಳಿನ ಮೇಲೆ ಬಸವನಹುಳುಗಳು ಮಗುಚಿ ಬಿದ್ದಿದ್ದವು. ಸೀ ಅರ್ಚಿನ್‌ನ ಮುಳ್ಳುಗಳು ಮುಟ್ಟದೆಯೇ ಒಂದೊಂದಾಗಿ ಉದುರುತ್ತಿದ್ದವು. ಕೈಬೆರಳುಗಳಂತೆ ಸದಾ ಮುಚ್ಚಿ ತೆರೆಯುತ್ತಿದ್ದ ಕ್ಸೀನಿಯಾ ಮೃದು ಹವಳ ಬೂದು ಲೋಳೆಯಾಗಿ ಬಂಡೆಯಿಂದ ಜಾರುತ್ತಿತ್ತು. ಸತ್ತವು ಕೊಳೆತು ಅಮೋನಿಯ ಏರಿತು, ಅದಕ್ಕೆ ಎರಡನೆಯ ಸುತ್ತಿನಲ್ಲಿ ಸಿಗಡಿಗಳೂ ಹೋದವು. ಗಾಬರಿಯಲ್ಲಿ ಉಪ್ಪು ಸುರಿಯಲಿಲ್ಲ ಎಂಬುದೊಂದೇ ಸಮಾಧಾನ. ಲವಣಾಂಶ ಏರಿಸುವುದನ್ನು ಹಲವು ದಿನಗಳಲ್ಲಿ, ದಿನಕ್ಕೆ ಸಾವಿರಕ್ಕೆ ಒಂದು ಅಂಶದಂತೆ ಮಾಡಬೇಕು. ಹಾಗೆ ಮಾಡಿದ್ದಕ್ಕೆ ಝೊವಾಂಥಸ್ ಎಂಬ ಪುಟ್ಟ ಹೂವಿನಂಥ ಹವಳದ ಗುಂಪುಗಳು ಮತ್ತೆ ಅರಳಿದವು.

ಈಗ ನಮ್ಮ ತೊಟ್ಟಿಯಲ್ಲಿ ಪೈಪಿನ ಬಾಯಿ ನೀರಿನ ಮಟ್ಟದಿಂದ ಎರಡೇ ಸೆಂಟಿಮೀಟರ್ ಕೆಳಗಿದೆ. ಕರೆಂಟ್ ಹೋದರೆ 22 ಲೀಟರ್, ಜೊತೆಗೆ ಪೈಪಿನಲ್ಲಿದ್ದ ಅಷ್ಟಿಷ್ಟು ಇಳಿಯುತ್ತದೆ. 50 ಲೀಟರ್ ಜಾಗ ಇದ್ದೇ ಇದೆ. ವಾಲ್ವ್ ತೆಗೆದು ಹಾಕಿದೆ. ಗಾಳಿ ಎಳೆದುಕೊಳ್ಳಲಿ ಎಂದು ಪೈಪಿನಲ್ಲಿ ಸಣ್ಣ ರಂಧ್ರ ಕೊರೆಯಲು ಕೆಲವರು ಹೇಳುತ್ತಾರೆ. ಅದನ್ನೂ ಪಾಚಿ ಮುಚ್ಚುತ್ತದೆ, ನಂಬಬೇಡಿ. ಬುಡದಲ್ಲಿ ನೀರು ಆಡಬೇಕಿದ್ದರೆ ತೊಟ್ಟಿಯ ಒಳಗೇ ಅಂಟಿಸುವ ವೇವ್‌ಮೇಕರ್ ಇದೆ, ಅದಕ್ಕೆ ಪೈಪನ್ನು ಆಳಕ್ಕೆ ಇಳಿಸಬೇಕಿಲ್ಲ. ಸಿಹಿನೀರಿನ ಡ್ರಮ್ ಹೋಗಿ 20 ಲೀಟರಿನ ಕ್ಯಾನ್ ಬಂದಿದೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ತುಂಬಿಸಬೇಕು, ಕೆಲಸ ಹೆಚ್ಚು. ಆದರೆ ಅದು ಪೂರ್ತಿ ಸುರಿದರೂ ಲವಣಾಂಶ ಒಂದು ಅಂಶದಷ್ಟೇ ಇಳಿಯುತ್ತದೆ.

ಇನ್ವರ್ಟರ್ ಇದೆಯಲ್ಲ ಎನ್ನಬಹುದು. ಅದಕ್ಕೆ ನೀರು ತಂಪು ಮಾಡುವ ಚಿಲ್ಲರ್, ದೊಡ್ಡ ಪಂಪ್ ಕೊಟ್ಟರೆ ಬ್ಯಾಟರಿ ಬೇಗ ಮಲಗುತ್ತದೆ. 20 ವ್ಯಾಟ್‌ನ ಒಂದು ವೇವ್‌ಮೇಕರ್ ಮಾತ್ರ ಕೊಟ್ಟು, ಅದರ ಮುಖವನ್ನು ನೀರಿನ ಮೇಲ್ಮೈಗೆ ತಿರುಗಿಸಿ. ಮೇಲ್ಮೈ ಕದಡುತ್ತಿದ್ದರೆ ಆಮ್ಲಜನಕ ಸಿಗುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಇರುವ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಬೇರೆ ಹೊರೆ ಇಲ್ಲದಿದ್ದರೆ ಅದು ಒಂದು ದಿನಕ್ಕೂ ಹೆಚ್ಚು ಓಡುತ್ತದೆ. ಇನ್ವರ್ಟರನ್ನು ಮಾತ್ರ ತೊಟ್ಟಿಯ ಪಕ್ಕ ನೆಲದ ಮೇಲೆ ಇಡಬೇಡಿ.

ಮೊದಲ ಮಹಡಿ ಎಂದಿರಿ. ನೀರು, 15 ಎಂಎಂ ಗಾಜು, ಬಂಡೆ, ಮರಳು, ಸ್ಟ್ಯಾಂಡ್ ಎಲ್ಲ ಸೇರಿ ಒಂದು ಟನ್ ದಾಟುತ್ತದೆ, ಅದೂ ಒಂದು ಚದರ ಮೀಟರ್ ಚಿಲ್ಲರೆ ಜಾಗದ ಮೇಲೆ. ವಾಸದ ಮನೆಯ ಆರ್‌ಸಿಸಿ ಚಾವಣಿಯನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆ ಹಿಡಿದು ವಿನ್ಯಾಸ ಮಾಡುವುದು ರೂಢಿ. ಮನೆ ಇನ್ನೂ ಕಟ್ಟುತ್ತಿದ್ದೀರಿ, ಆದ್ದರಿಂದ ಎಂಜಿನಿಯರಿಗೆ ಇವತ್ತೇ ಹೇಳಿ, ಕೆಳಗೆ ತೊಲೆ ಕೊಡಿಸಿ. ನನ್ನ ಮಾತು ಕೇಳುವುದಾದರೆ ನೆಲಮಹಡಿಗೇ ಇಳಿಸಿ. ಮೈಸೂರಿನ ಅಗ್ರಹಾರದ ಕಡೆಯ ಮದ್ರಾಸ್ ತಾರಸಿ ಮನೆಗಳಲ್ಲಿ ಮಹಡಿಯ ಮೇಲೆ ಇಡುವೆನೆಂದು ಯಾರಾದರೂ ಬಂದರೆ ನಾನು ಮಾತೇ ಮುಂದುವರಿಸುವುದಿಲ್ಲ.

ಮಂಗಳೂರಿನಿಂದ ಸಮುದ್ರದ ನೀರು ತರಿಸಿದರೆ ಉಳಿತಾಯವೇ ಎಂದೂ ಕೇಳಿದ್ದೀರಿ. ಬೇಡ. ಮಳೆಗಾಲದಲ್ಲಿ ನೇತ್ರಾವತಿಯ ಕೆಂಪುನೀರು ದಡದ ನೀರನ್ನೆಲ್ಲ ಕದಡಿ ತೆಳ್ಳಗೆ ಮಾಡಿರುತ್ತದೆ. ಬಂದರಿನ ಎಣ್ಣೆ ಬೇರೆ. ಅಕ್ವೇರಿಯಂ ಉಪ್ಪು ತಂದು ಕರಗಿಸಿ, 740 ಲೀಟರಿಗೆ 27 ಕಿಲೋ ಆಸುಪಾಸು ಬೇಕು. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಇರುವುದಿಲ್ಲ, ಆಗದು. ಕರಗಿಸುವ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ, ಸೊನ್ನೆ ಇರಬೇಕು. ಅಡುಗೆಮನೆಯ ಆರ್‌ಒ ಅಷ್ಟು ಕೊಡುವುದಿಲ್ಲ, ಅದರ ನಂತರ ಉಳಿದ ಲವಣ ಹೀರುವ ಡಿಐ ರಾಳದ ಕೊಳವೆ ಸೇರಿಸಬೇಕು. ಸುತ್ತ ಕಬ್ಬಿನ ಗದ್ದೆ ಇರುವ ಊರು ನಿಮ್ಮದು. ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆ, ಬೋರ್‌ವೆಲ್ ನೀರನ್ನು ನೇರ ಹಾಕಿದರೆ ಪಾಚಿ ಸಾಕಿದಂತೆ.

ನೀವು ಬರೆದ ಒಂದು ಸಾಲು ನನಗೆ ಸರಿಬರಲಿಲ್ಲ. ರಾಮೇಶ್ವರದ ಕಡೆಯಿಂದ ಜೀವಂತ ಬಂಡೆ (ಸಣ್ಣ ಜೀವಿಗಳು, ಬ್ಯಾಕ್ಟೀರಿಯ ಕೂತ ಕಡಲ ಕಲ್ಲು), ಹವಳ ಅಗ್ಗಕ್ಕೆ ತಂದುಕೊಡುತ್ತೇನೆಂದು ಯಾರೋ ಹೇಳಿದ್ದಾರೆ ಎಂದಿದ್ದೀರಿ. ದಯವಿಟ್ಟು ಬೇಡ. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳೂ, ಸೀ ಫ್ಯಾನ್‌ಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮನ್ನಾರ್ ಕೊಲ್ಲಿಯಾಗಲಿ, ಲಕ್ಷದ್ವೀಪವಾಗಲಿ, ನಮ್ಮದೇ ನೇತ್ರಾಣಿಯಾಗಲಿ, ಒಂದು ತುಂಡು ಎತ್ತಿದರೂ ಅಪರಾಧ, ಮೂರರಿಂದ ಏಳು ವರ್ಷ ಜೈಲು. ಕಾನೂನು ಬಿಡಿ: 2024ರ ಬಿಸಿಯಲ್ಲಿ ಲಕ್ಷದ್ವೀಪದ ಹವಳಗಳು ಬಿಳಚಿಕೊಂಡು ನಿಂತಿದ್ದವು. ಉಳಿದದ್ದನ್ನು ನಮ್ಮ ಹಾಲ್‌ಗಾಗಿ ಕಿತ್ತು ತರಬಾರದು. ಸಿಮೆಂಟಿನಲ್ಲಿ ಮಾಡಿ ನೀರಿನಲ್ಲಿ ನೆನೆಸಿ ಹದಗೊಳಿಸಿದ ಬಂಡೆ ಸಾಕು, ನಾಲ್ಕರಿಂದ ಆರು ವಾರದಲ್ಲಿ ಅಮೋನಿಯ ಕಳೆಯುವ ಬ್ಯಾಕ್ಟೀರಿಯ ಕೂರುತ್ತದೆ. ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ಝೊವಾಂಥಸ್, ಮಶ್ರೂಮ್ ಹವಳದ ತುಂಡುಗಳಿಂದ ಶುರು ಮಾಡಿ. ಕ್ಲೌನ್ ಮೀನನ್ನು ಮರಿ ಮಾಡಿಸುವ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಬೆಳೆಸಿದೆ, ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ.

ದೀಪ? ಮೇಲೆ ಹೇಳಿದ ಹವಳಗಳಿಗೆ ನೀಲಿ ಹೆಚ್ಚಿರುವ ಮಧ್ಯಮ ದರ್ಜೆಯ ಎಲ್‌ಇಡಿ, ದಿನಕ್ಕೆ ಎಂಟೊಂಬತ್ತು ಗಂಟೆ, ಸಾಕು. ಅಲ್ಲಿ ಉಳಿದ ಹಣ ಚಿಲ್ಲರ್‌ಗೆ ಹಾಕಿ. ಮಂಡ್ಯದ ಏಪ್ರಿಲ್‌ನಲ್ಲಿ ಹೊರಗೆ 36 ಡಿಗ್ರಿ, ಹವಳಕ್ಕೆ ಬೇಕಾದದ್ದು 26. ಮೇಲ್ಮೈಗೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಎಲ್ಲ ಜೋಡಿಸಿದ ಮೇಲೆ ಉಪ್ಪು ಹಾಕುವ ಮುನ್ನ ಒಂದು ವಾರ ಬರಿಯ ನೀರು ಓಡಿಸಿ. ಆ ವಾರದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಮೇನ್ ಸ್ವಿಚ್ ಆರಿಸಿ, ಸಂಪ್‌ನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ, ಅಲ್ಲಿ ಗಾಜಿನ ಮೇಲೆ ಕೆಂಪು ಟೇಪ್ ಅಂಟಿಸಿ. ಓಡುವಾಗಿನ ಮಟ್ಟಕ್ಕೂ ಇನ್ನೊಂದು ಟೇಪ್. ಮನೆಯವರಿಗೆಲ್ಲ ಆ ಎರಡು ಗೆರೆಯ ಅರ್ಥ ಗೊತ್ತಿರಲಿ. ಪೈಪಿಗಾಗಿ ಗಾಜಿಗೆ ರಂಧ್ರ ಕೊರೆಸುವುದು ಒಮ್ಮೆ ಮಾತ್ರ, ಆಮೇಲೆ ಜಾಗ ಬದಲಾಯಿಸಲು ಆಗುವುದಿಲ್ಲ. ಕೊರೆಸುವ ಮೊದಲು ಸಂಪ್‌ನ ಮೂರು ಅಳತೆ, ಓವರ್‌ಫ್ಲೋ ಅಂಚಿನ ಎತ್ತರ, ಪೈಪಿನ ಬಾಯಿ ಬರುವ ಎತ್ತರ ಇಷ್ಟನ್ನು ಇಲ್ಲಿ ಬರೆಯಿರಿ, ಎಷ್ಟು ಲೀಟರ್ ಇಳಿಯುತ್ತದೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.