ಕನ್ನಡ ಬರಹಗಾರರ ಜಾಲತಾಣದಲ್ಲಿ ಕೀಳುಮಟ್ಟದ ಜಾಹೀರಾತುಗಳನ್ನು ತಡೆಯುವುದು ಹೇಗೆ?

ಸದಸ್ಯರ ಕತೆಗಳ ನಡುವೆ ವಶೀಕರಣದ ಜ್ಯೋತಿಷಿ, ಬೆಟ್ಟಿಂಗ್ ಆ್ಯಪ್ ಕಾಣಿಸಿಕೊಂಡು ತಲೆ ತಗ್ಗಿಸುವಂತಾಗಿದೆ, ಯಾವ ಫಿಲ್ಟರ್ ಹಾಕಲಿ ಎಂದು ಕೇಳಿದ್ದೀರಿ. ಅಂಥದೇ ಒಂದು ತಾಣವನ್ನು ಗೆಳೆಯರೊಡನೆ ಕೆಲವು ವರ್ಷ ನಡೆಸಿದವನು ನಾನು. ಗೂಗಲ್‌ನ ಜಾಹೀರಾತು ಸೇವೆಯಾದ ಆ್ಯಡ್‌ಸೆನ್ಸ್‌ನ ನಿಯಂತ್ರಣ ಪುಟದಲ್ಲಿ ಜ್ಯೋತಿಷ್ಯ, ದಿಢೀರ್ ಶ್ರೀಮಂತಿಕೆ, ತೂಕ ಇಳಿಕೆಯಂಥ ವರ್ಗಗಳನ್ನು ಮುಚ್ಚಿ, ಆಮೇಲೂ ನುಸುಳುವವರ ವಿಳಾಸಗಳನ್ನು ತಡೆಪಟ್ಟಿಗೆ ಸೇರಿಸುತ್ತ ಹೋದರೆ ಇವು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಆದರೆ ನಿಮ್ಮ ನಿಜವಾದ ತೊಂದರೆ ಇವುಗಳದ್ದೆಂದು ನಾನು ಒಪ್ಪುವುದಿಲ್ಲ. ವಶೀಕರಣದ ಜಾಹೀರಾತು ನಂಬಿ ಹಣ ಕಳೆದುಕೊಂಡ ಲೇಖಕರನ್ನು ನಾನು ಕಾಣೆ. ನಮ್ಮವರ ಹಣ ಹೋದದ್ದು, ಒಂದು ಕಾಗುಣಿತದ ತಪ್ಪೂ ಇಲ್ಲದೆ ಸಭ್ಯವಾಗಿ ಬರೆದಿದ್ದ, ನಾವೇ ಕೈಯಾರೆ ಪಡೆದು ಹಾಕಿದ ಜಾಹೀರಾತಿನಿಂದ.

ಸರ್ವರ್ ಬಾಡಿಗೆ ಕಟ್ಟಬೇಕಾಗಿದ್ದ ಹೊತ್ತಿಗೆ ಒಂದು ಪ್ರಕಾಶನದವರು ಬಂದರು. ಲೇಖಕರ ಮೊದಲ ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುಖಪುಟ, ಬಿಡುಗಡೆ ಸಮಾರಂಭ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಎಲ್ಲವೂ ಒಂದೇ ಮೊತ್ತದಲ್ಲಿ ಎಂಬುದು ಅವರ ಜಾಹೀರಾತು. ಅದನ್ನು ಪಡೆದದ್ದಕ್ಕಿಂತ ನಾನು ಅದನ್ನು ಇಟ್ಟ ಜಾಗವೇ ದೊಡ್ಡ ತಪ್ಪಾಯಿತು. ಇದನ್ನು ಸ್ವಲ್ಪ ವಿವರಿಸಲೇಬೇಕು. ನಮ್ಮ ಪುಟದ ಬಲ ಅಂಚಿನಲ್ಲಿ ಚಿತ್ರರೂಪದ ಜಾಹೀರಾತಿಗೆ ಮಾತ್ರ ಸ್ಥಳವಿತ್ತು, ಅವರು ಕಳುಹಿಸಿದ್ದು ಬರೀ ಪಠ್ಯ. ವಿನ್ಯಾಸ ಮಾಡಿಸುವಷ್ಟು ವ್ಯವಧಾನವಿಲ್ಲದೆ ಅದನ್ನು ‘ಪ್ರಕಟಣೆಗಳು’ ಅಂಕಣಕ್ಕೆ ಸೇರಿಸಿದೆ. ನಮ್ಮದೇ ಕಥಾಸ್ಪರ್ಧೆ, ಕಮ್ಮಟಗಳ ಸುದ್ದಿ ಬರುತ್ತಿದ್ದ ಅಂಕಣವದು. ಅದೇ ಅಕ್ಷರ, ಅದೇ ಬಣ್ಣ, ಮೇಲೆ ‘ಜಾಹೀರಾತು’ ಎಂಬ ಒಂದು ಪದವೂ ಇಲ್ಲ. ಅಂಚಿನಲ್ಲಿದ್ದಿದ್ದರೆ ಓದುಗರು ಅನುಮಾನದಿಂದ ನೋಡುತ್ತಿದ್ದರು. ಇಲ್ಲಿ ಅದನ್ನು ನಮ್ಮ ಮಾತೆಂದೇ ಓದಿದರು. ಸಾಲದ್ದಕ್ಕೆ, ‘ಇವರು ಹೇಗೆ?’ ಎಂದು ಒಬ್ಬಿಬ್ಬರು ಕೇಳಿದಾಗ, ಒಪ್ಪಂದಪತ್ರದ ಒಂದು ಹಾಳೆಯನ್ನೂ ನೋಡಿರದ ನಾನು ‘ಮಾತಾಡಿ ನೋಡಿ’ ಎಂದು ಉತ್ತರಿಸಿದ್ದೆ.

ನಿವೃತ್ತ ಶಿಕ್ಷಕರೊಬ್ಬರು ಆ ಪ್ರಕಾಶನಕ್ಕೆ ಪಿಂಚಣಿಯ ಹಣ ಕೊಟ್ಟರು. ಬಂದದ್ದು ಹೇಳಿದ್ದಕ್ಕಿಂತ ಕಡಿಮೆ ಪ್ರತಿಗಳು. ಐಎಸ್‌ಬಿಎನ್‌ಗೆಂದು ಅವರಿಂದ ಪ್ರತ್ಯೇಕವಾಗಿ ಹಣ ಪಡೆದಿದ್ದರು. ಭಾರತದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಉಚಿತವಾಗಿಯೇ ಕೊಡುತ್ತದೆ, ಲೇಖಕರು ತಾವೇ ಅರ್ಜಿ ಹಾಕಬಹುದು. ಗ್ರಂಥಾಲಯ ಇಲಾಖೆ ಯಾವ ಪುಸ್ತಕ ಕೊಳ್ಳುತ್ತದೆಂಬ ಖಾತರಿಯನ್ನು ಯಾವ ಪ್ರಕಾಶಕರೂ ಕೊಡಲಾರರು. ಶಿಕ್ಷಕರು ದೂರಿನ ಪತ್ರ ಬರೆದದ್ದು ಪ್ರಕಾಶನಕ್ಕಲ್ಲ, ನಮಗೆ. ಅವರೂ ಅವರ ಬಳಗದವರೂ ಮತ್ತೆ ನಮಗೆ ಬರಹ ಕಳುಹಿಸಲಿಲ್ಲ. ಒಳ್ಳೆಯ ಪ್ರಬಂಧಕಾರರಿದ್ದ ಬಳಗವದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿದರೂ, ವ್ಯವಹಾರದ ಸಹಜ ಕ್ರಮದಲ್ಲಿ ಪ್ರಕಟಿಸಿದವರಿಗೆ ರಕ್ಷಣೆ ಕೊಡುತ್ತದೆ ಎಂದು ವಕೀಲ ಮಿತ್ರರೊಬ್ಬರು ಸಮಾಧಾನ ಹೇಳಿದರು. ಶಿಕ್ಷಕರ ಮುಂದೆ ಆ ಸೆಕ್ಷನ್ ಓದುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದ ಫಿಲ್ಟರ್‌ಗಿಂತ ಮೊದಲು ಒಂದು ನಿಯಮ ಮಾಡಿಕೊಳ್ಳಿ: ಮನ್ನಣೆಯ ಆಸೆ ತೋರಿಸಿ ಬರಹಗಾರರಿಂದಲೇ ಹಣ ಕೇಳುವ ಯಾವುದನ್ನೂ ಹಾಕಬೇಡಿ. ಪ್ರತಿ ಕವಿಯಿಂದ ಹಣ ಪಡೆದು ತರುವ ಸಂಕಲನ, ನೋಂದಣಿ ಶುಲ್ಕವಿರುವ ‘ರಾಜ್ಯಮಟ್ಟದ ಪ್ರಶಸ್ತಿ’, ಗೌರವ ಡಾಕ್ಟರೇಟ್, ಎಲ್ಲವೂ ಇದರೊಳಗೆ ಬರುತ್ತವೆ. ಡಾಕ್ಟರೇಟ್ ವಿಷಯದಲ್ಲಂತೂ ಯೋಚಿಸುವುದೇ ಬೇಡ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಹಕ್ಕು ಕಾನೂನಿನಡಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೂ ಹಾಗೆ ಅಧಿಕಾರ ಪಡೆದ ಸಂಸ್ಥೆಗಳಿಗೂ ಮಾತ್ರ ಇದೆ. ಇಂಗ್ಲಿಷ್ ಲೇಖಕರ ವಲಯದಲ್ಲಿ ‘ರೈಟರ್ ಬಿವೇರ್’ ಎಂಬ ಸ್ವಯಂಸೇವಕರ ತಂಡ 1998ರಿಂದ ಇಂಥವರ ಬಗ್ಗೆ ಎಚ್ಚರಿಸುತ್ತ ಬಂದಿದೆ. ನಮ್ಮಲ್ಲಿ ಆ ಕೆಲಸವನ್ನು ನಿಮ್ಮಂಥ ತಾಣಗಳೇ ಮಾಡಬೇಕು. ಕನ್ನಡದಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಹಳೆಯ, ಮರ್ಯಾದೆಯ ರೂಢಿ. ಹಾಗಾಗಿ ಇಷ್ಟು ಪುಟ, ಇಷ್ಟು ಪ್ರತಿಗೆ ಇಷ್ಟು ದರ ಎಂದು ನೇರವಾಗಿ ಹೇಳುವ ಮುದ್ರಣಾಲಯದ ಜಾಹೀರಾತಿಗೆ ನನ್ನ ಆಕ್ಷೇಪವಿಲ್ಲ.

ಆ್ಯಡ್‌ಸೆನ್ಸ್ ಪಟ್ಟಿ ತಿದ್ದುವುದನ್ನು ಬಳಗದ ಕಿರಿಯರೊಬ್ಬರಿಗೆ ಒಪ್ಪಿಸಿ. ನೇರವಾಗಿ ಬರುವ ಜಾಹೀರಾತುಗಳನ್ನು ನೀವೇ ನೋಡಿ: ಲೇಖಕರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಂದಪತ್ರದ ಮಾದರಿಯನ್ನು ಮೊದಲೇ ತರಿಸಿ ಓದಿ, ಕಳುಹಿಸಲು ಹಿಂದೆಮುಂದೆ ನೋಡುವವರ ಹಣವನ್ನು ಹಿಂತಿರುಗಿಸಿ. ಒಪ್ಪಿದ್ದನ್ನು ಅಂಚಿನಲ್ಲೇ, ‘ಜಾಹೀರಾತು’ ಎಂಬ ತಲೆಬರಹದ ಕೆಳಗೇ ಹಾಕಿ.