ಗದಗದಿಂದ ಬಂದ ಲಿನಕ್ಸ್ ಪುಸ್ತಕದ ಪ್ರಶ್ನೆಗೆ

ನಮಸ್ಕಾರ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಬಳಕೆ, ನಿರ್ವಹಣೆ ಮತ್ತು ಪ್ರೋಗ್ರಾಮಿಂಗ್ ಮೂರನ್ನೂ ಕಲಿಸುವ ಒಂದೇ ದಪ್ಪ ಪುಸ್ತಕಕ್ಕಾಗಿ ಗದಗದಿಂದ ಹುಬ್ಬಳ್ಳಿಗೆ ಬರಬೇಕೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಕೊಳ್ಳಬೇಡಿ. ತಾವು ಹಾಕಿಕೊಂಡಿರುವ ಉಬುಂಟುವಿನ (ಲಿನಕ್ಸಿನ ಒಂದು ರೂಪ) ಮ್ಯಾನ್ ಪುಟಗಳೇ, ಅಂದರೆ ಟರ್ಮಿನಲ್ ಎಂಬ ಕಮಾಂಡ್ ಟೈಪಿಸುವ ಕಿಟಕಿಯಲ್ಲಿ ಓದುವ ಕೈಪಿಡಿಯೇ, ಈ ವಿದ್ಯೆಗಳನ್ನು ಬೇರ್ಪಡಿಸಿ ಇಟ್ಟಿವೆ: 1ನೇ ವಿಭಾಗದಲ್ಲಿ ದಿನಬಳಕೆಯ ಕಮಾಂಡುಗಳು, 2 ಮತ್ತು 3ರಲ್ಲಿ ಪ್ರೋಗ್ರಾಮರ್‌ಗೆ ಬೇಕಾದ ಸಿಸ್ಟಂ ಕಾಲ್ (ಲಿನಕ್ಸಿನ ತಿರುಳಿನಿಂದ ಕೆಲಸ ಮಾಡಿಸಿಕೊಳ್ಳುವ ಕರೆ) ಹಾಗೂ ಸಿದ್ಧ ಕೋಡಿನ ಲೈಬ್ರರಿ ಫಂಕ್ಷನ್‌ಗಳು (ಇವಕ್ಕೆ ‘ಮ್ಯಾನ್‌ಪೇಜಸ್-ಡೆವ್’ (manpages-dev) ಪ್ಯಾಕೇಜ್ ಬೇಕು), 8ರಲ್ಲಿ ನಿರ್ವಾಹಕರ ಕಮಾಂಡುಗಳು. ಟರ್ಮಿನಲ್‌ನಲ್ಲಿ ‘ಮ್ಯಾನ್ ಪಾಸ್‌ಡಬ್ಲ್ಯೂಡಿ’ (man passwd) ಎಂದು ಕೊಟ್ಟರೆ ಪಾಸ್‌ವರ್ಡ್ ಬದಲಿಸುವ ಕಮಾಂಡಿನ ವಿವರಣೆ ಬರುತ್ತದೆ. ಅದೇ ನಡುವೆ, ಫೈಲುಗಳ ರೂಪವನ್ನು ವಿವರಿಸುವ ವಿಭಾಗದ ಸಂಖ್ಯೆಯಾದ 5 ಅನ್ನು ಸೇರಿಸಿದರೆ (man 5 passwd), ಬಳಕೆದಾರರ ಪಟ್ಟಿಯಿರುವ ಫೈಲಿನ ಪ್ರತಿ ಸಾಲಿನಲ್ಲಿ ಕೋಲನ್‌ಗಳಿಂದ ಬೇರ್ಪಟ್ಟ ಏಳು ಭಾಗಗಳ ಅರ್ಥ ತೆರೆದುಕೊಳ್ಳುತ್ತದೆ. ಈ ವ್ಯತ್ಯಾಸ ಮೊದಲ ಬಾರಿ ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಆರಂಭಕ್ಕೆ ವಿಲಿಯಂ ಶಾಟ್ಸ್ ಅವರ ‘ದಿ ಲಿನಕ್ಸ್ ಕಮಾಂಡ್ ಲೈನ್’ ಸಾಕು. ಅದರ ಪಿಡಿಎಫ್ ಅನ್ನು ಲೇಖಕರೇ ಉಚಿತವಾಗಿ ಕೊಟ್ಟಿದ್ದಾರೆ. ಮೈಕೆಲ್ ಕೆರಿಸ್ಕ್ ಅವರ ‘ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್ಫೇಸ್’ (2010) 1,500 ಪುಟಗಳನ್ನು ಮೀರಿದ ಗ್ರಂಥವಾದ್ದರಿಂದ, ಸಿ ಭಾಷೆ ಚೆನ್ನಾಗಿ ಕೈಗೆ ಹತ್ತಿದ ಮೇಲೆಯೇ ಅದಕ್ಕೆ ಹಣ ಹಾಕಿ. ನಿರ್ವಹಣೆಗೆ ಮಾತ್ರ ಪುಸ್ತಕದ ಜೊತೆಗೆ ವರ್ಚುವಲ್ ಯಂತ್ರವೊಂದರಲ್ಲಿ (ತಮ್ಮ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್) ಡೆಬಿಯನ್ ಎಂಬ ಲಿನಕ್ಸ್ ರೂಪವನ್ನು ಹಾಕಿಕೊಂಡು, ಅದನ್ನು ಕೆಡಿಸಿ ಸರಿಪಡಿಸುವ ಅಭ್ಯಾಸವನ್ನು ಈ ವಾರವೇ ಆರಂಭಿಸಿರಿ.